ಚರ್ಮ ಉಳಿಸ್ಕಂಡ್ರ ರೋಗನೂ ಉಳಿತೈತೇನು?

ಎದಿ ಕ್ಯಾನ್ಸರ್ ಅಂದಕೂಡ್ಲೆ ನಾವು ಹೆಣ್ಮಕ್ಳು ಆಡೋದು ಒಂದೇ ಮಾತು: "ಎಲ್ಲಾ ತೆಗೆಸಿಬಿಡು, ಚರ್ಮ ಸೈತ ಇರಬಾರ್ದು." ಚರ್ಮ ಉಳಿಸಿ ಎದಿ ಕಟ್ಟಿಸ್ಕಂತೀನಿ ಅಂದಾಕಿಗೆ "ಈ ವಯಸ್ನ್ಯಾಗ ಯಾರಿಗೆ ತೋರ್ಸಾಕ?" ಅನ್ನೋರೂ ನಾವೇ. ಎರಡೂ ತಪ್ಪು ಅಂತೀನಿ ನಾನು.

ಚರ್ಮ ಉಳಿಸೋ ಆಪರೇಷನ್‌ನ್ಯಾಗ ತೊಟ್ಟು, ಅದರ ಸುತ್ತಿನ ಕಪ್ಪು, ಒಳಗಿನ ಗ್ರಂಥಿ ಎಲ್ಲಾ ತೆಗೀತಾರ. ದಿಂಬಿನ ಹೊದಿಕಿ ಬಿಟ್ಟು ಹತ್ತಿ ತೆಗೆದಂಗ. ಆ ಜಾಗಕ್ಕ ಹೊಟ್ಟಿದೋ ಬೆನ್ನಿಂದೋ ಕೊಬ್ಬು-ಮಾಂಸ, ಇಲ್ಲಾ ಸಿಲಿಕಾನ್ ಇಡ್ತಾರ. 1991ರಾಗ ಟಾತ್, ಲ್ಯಾಪರ್ಟ್ ಅನ್ನೋ ಅಮೆರಿಕದ ಇಬ್ರು ಡಾಕ್ಟರು ಇದಕ್ಕ ಹೆಸರಿಟ್ಟು ಬರೆದ್ರು.

ರೋಗ ತಿರುಗಿ ಬರಂಗಿಲ್ಲೇನು? ಬರಬಹುದು. ಚರ್ಮ ತೆಗೆಸಿದ್ರೂ ಹೊಲಿಗಿ ಜಾಗದಾಗ ಬರಬಹುದು. ತಕ್ಕ ರೋಗಿಗಳನ್ನ ಆರಿಸಿ ಮಾಡಿದಲ್ಲಿ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಅಂತ ವರ್ಷಗಟ್ಲೆ ನೋಡಿದ ವರದಿಗಳು ಹೇಳ್ತಾವ. ಆದ್ರ ಅದು ಚೀಟಿ ಎತ್ತಿ ಎರಡು ಪಾಲು ಮಾಡಿ ನೋಡಿದ್ದಲ್ಲ, ಅದನ್ನೂ ಹೇಳ್ಬೇಕು.

ಬಾಳ ಕೊಯ್ದ್ರ ಬಾಳ ದಿನ ಬದುಕ್ತೀವಿ ಅನ್ನೋದು ಹಳೇ ನಂಬಿಕಿ. 1894ರಾಗ ಹಾಲ್‌ಸ್ಟೆಡ್ ಅನ್ನೋ ಸರ್ಜನ್ ಎದಿ ಕೆಳಗಿನ ಸ್ನಾಯುನೂ ತೆಗಿಯೋ ಪದ್ಧತಿ ಬರೆದ. ಎಷ್ಟೋ ಹೆಣ್ಮಕ್ಳ ಕೈ ಮ್ಯಾಲೆತ್ತಾಕ ಆಗ್ದಂಗಾತು. ಬರ್ನಾರ್ಡ್ ಫಿಶರ್ ಅನ್ನೋರು 1971ರಿಂದ ಸಾವಿರದ ಮ್ಯಾಲೆ ಹೆಣ್ಮಕ್ಳನ್ನ ಸೇರಿಸ್ಕಂಡು, 25 ವರ್ಷ ಲೆಕ್ಕ ಇಟ್ಟು, ಸ್ನಾಯು ತೆಗೆಸಿದೋರು ಬಿಟ್ಟೋರಿಗಿಂತ ಹೆಚ್ಚು ಬದುಕ್ಲಿಲ್ಲ ಅಂತ 2002ರಾಗ ತೋರ್ಸಿದ್ರು.

"ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು" ಅಂತಾರಲ್ಲ ನಮ್ಮೂರ ಗುಡಿಗೆ, ಇಲ್ಲಿ ಮಾತ್ರ ಎರಡೂ ನೋಡ್ಬೇಕು. ಹೊರಗ ಚರ್ಮ ಕೆಂಪಾಗಿ ಬಾತಿದ್ರ, ಕಿತ್ತಳಿ ಸಿಪ್ಪಿ ಹಂಗ ಆಗಿದ್ರ, ಹುಣ್ಣಾಗಿದ್ರ ಚರ್ಮ ಉಳಿಸೋ ಮಾತೇ ಇಲ್ಲ. ತೊಟ್ಟೂ ಉಳಿಸೋದಾದ್ರ ಅದರ ಹಿಂದಿನ ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರ, ಅಲ್ಲಿ ರೋಗ ಕಂಡ್ರ ಅದೂ ಹೋಗ್ತೈತಿ. ಗಂಟು ಕೈಗೆ ಸಿಕ್ಕ ಮ್ಯಾಲೂ "ಮದಿವಿ ಮುಗೀಲಿ, ಸುಗ್ಗಿ ಮುಗೀಲಿ" ಅಂತ ಸೆರಗು ಮುಚ್ಚಿ ಕುಂತು, ಹುಣ್ಣಾದ್ ಮ್ಯಾಲ ಹೋದ್ರ ಯಾವ ಡಾಕ್ಟರ್ ಏನು ಉಳಿಸ್ಯಾನು?

ಹುಬ್ಬಳ್ಳಿ ನವನಗರಕ್ಕಾಗ್ಲಿ, ಬೆಂಗಳೂರು ಕಿದ್ವಾಯಿಗಾಗ್ಲಿ ಹೋಗಾಕಿ, ಸಹಿ ಮಾಡೋಕ ಮುಂಚೆ ಎರಡು ಕೇಳವ್ವಾ: ಚರ್ಮಕ್ಕ ರೋಗ ಹತ್ತೈತೇನು? ಆಮ್ಯಾಲ ಕರೆಂಟ್ ಕೊಡೋದೈತೇನು? ಕರೆಂಟ್ ಬಿದ್ರ ಒಳಗಿಟ್ಟ ಸಿಲಿಕಾನ್ ಸುತ್ತ ಬಿಗೀಬಹುದು, ಕಟ್ಟೋದನ್ನ ಮುಂದಕ್ಕ ಹಾಕಬೇಕಾದೀತು.

ಇನ್ನು ಸಪಾಟ ಎದಿನೇ ಸಾಕು ಅನ್ನಾಕಿಗೆ ಯಾರೂ ಒತ್ತಾಯ ಮಾಡಬ್ಯಾಡ್ರಿ. ಒಳಗ ಇಟ್ಕಳ್ಳೋ ಮೆತ್ತಿ ಸಿಗ್ತಾವ, ಕುಪ್ಪಸದಾಗ ಮನ್ಯಾಗೂ ಹೊಲ್ಕಬಹುದು.