ಮುಖಪುಟದಲ್ಲಿ ಕಾಣದ ನೆಲ

ರಸ್ತೆಯಿಲ್ಲದ ನೆಲದ ಮೇಲೆ ವಾಹನ ಓಡಿಸುವುದನ್ನೇ ಹವ್ಯಾಸವಾಗಿಸಿಕೊಂಡವರ ದೊಡ್ಡ ಬಳಗವೊಂದು ಅಮೆರಿಕದಲ್ಲಿದೆ. ಆ ಬಳಗಕ್ಕೆಂದೇ ಹುಟ್ಟಿದ ‘ಫೋರ್ ವೀಲರ್’ ಪತ್ರಿಕೆ 1962ರಷ್ಟು ಹಿಂದೆಯೇ ಆರಂಭವಾಯಿತು. 2019ರ ಡಿಸೆಂಬರಿನಲ್ಲಿ ಅದರ ಪ್ರಕಾಶಕರು ತಮ್ಮ 22 ವಾಹನ ಪತ್ರಿಕೆಗಳ ಪೈಕಿ 19ನ್ನು ಒಂದೇ ಏಟಿಗೆ ನಿಲ್ಲಿಸಲು ತೀರ್ಮಾನಿಸಿದಾಗ ಉಳಿದುಕೊಂಡ ಮೂರರಲ್ಲಿ ಇದೂ ಒಂದು. ಅಂಗಡಿಯಲ್ಲಿ ಹತ್ತಾರು ಪತ್ರಿಕೆಗಳು ಸಾಲಾಗಿ ತೂಗುತ್ತಿರುವಾಗ ಕೊಳ್ಳುವವನ ಕೈ ಯಾವುದರತ್ತ ಚಾಚಬೇಕೆಂದು ನಿರ್ಧರಿಸುವುದು ಮುಖಪುಟವೇ. ಆದ್ದರಿಂದ ಇಂಥ ಪತ್ರಿಕೆಗಳ ಮುಖಪುಟವನ್ನು ಒರೆಗೆ ಹಚ್ಚಲು, ತಪ್ಪು ಒಪ್ಪು ಹೇಳಲು, ಹವ್ಯಾಸಿಗಳು ತಾವಾಗಿಯೇ ಮುಂದೆ ಬರುವುದುಂಟು. ಸಂಬಳವಿಲ್ಲ, ಸಂಭಾವನೆಯಿಲ್ಲ, ಪತ್ರಿಕೆಯ ಮೇಲಿನ ಅಭಿಮಾನವಷ್ಟೇ.

ಈ ಉತ್ಸಾಹವನ್ನು ಗೇಲಿ ಮಾಡಬೇಕಾಗಿಲ್ಲ. ಗಾಡಿಯ ಅಡಿಭಾಗವನ್ನು ಕಳಚಿ ಜೋಡಿಸಿ ಬಲ್ಲವರ ಕಣ್ಣು ಅದು. ಚಕ್ರ ಬಂಡೆಯ ಮೇಲೆ ನಿಜವಾಗಿ ಏರಿದೆಯೋ ಅಥವಾ ಕ್ಯಾಮೆರಾದ ಓರೆಯಿಂದ ಏರಿದಂತೆ ತೋರುತ್ತಿದೆಯೋ ಎಂದು ಅದು ಒಂದೇ ನೋಟದಲ್ಲಿ ಹೇಳಬಲ್ಲದು. ಟೈರಿನ ಹಲ್ಲು, ಸ್ಪ್ರಿಂಗಿನ ಬಾಗು, ವಿಂಚಿನ ಹಗ್ಗ, ಶೀರ್ಷಿಕೆಯ ಅಕ್ಷರ, ಕೆಸರಿನ ಸಿಡಿತ ಇವೆಲ್ಲವೂ ಚರ್ಚೆಗೆ ಬರುತ್ತವೆ. ಗಾಡಿ ತೀರ ಶುಭ್ರವಾಗಿದೆ, ಇನ್ನಷ್ಟು ಕೆಸರು ಬೇಕಿತ್ತು ಎಂಬುದೂ ಅಲ್ಲಿ ಗಂಭೀರವಾದ ಟೀಕೆಯೇ. ಬರದೆ ಉಳಿಯುವ ಪ್ರಶ್ನೆ ಒಂದೇ: ಆ ಚಕ್ರದ ಕೆಳಗಿರುವುದು ಏನು?

ಯೂಟಾ ರಾಜ್ಯದ ಮೋಆಬ್ ಪಟ್ಟಣದ ಸುತ್ತಲಿನ ಕೆಂಗಲ್ಲಿನ ಮರುಭೂಮಿ ಈ ಹವ್ಯಾಸಿಗಳ ಪಾಲಿಗೆ ಯಾತ್ರಾಸ್ಥಳವಿದ್ದಂತೆ. 1967ರಿಂದ ಅಲ್ಲಿ ಈಸ್ಟರ್ ಹಬ್ಬದ ಹೊತ್ತಿಗೆ ಜೀಪುಗಳ ಜಾತ್ರೆ ನೆರೆಯುತ್ತ ಬಂದಿದೆ. ಆ ನೆಲದಲ್ಲಿ ಕಲ್ಲುಬಂಡೆಗಳ ನಡುವಿನ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಒಂದು ಹೊಪ್ಪಳೆ ಕಾಣುತ್ತದೆ. ಅರಿಯದವರಿಗೆ ಅದು ಒಣಮಣ್ಣು. ವಾಸ್ತವದಲ್ಲಿ ಅದು ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಸೇರಿ ಹೆಣೆದ ಜೀವಂತ ಪದರ. ಮರಳು ಗಾಳಿಗೆ ಹಾರಿಹೋಗದಂತೆ ಹಿಡಿದಿಡುವುದು ಅದೇ, ಬಡ ಮಣ್ಣಿಗೆ ಸಾರಜನಕವನ್ನು ಒದಗಿಸುವುದೂ ಅದೇ. ಒಂದು ಚಕ್ರ ಒಮ್ಮೆ ಹಾದುಹೋದರೆ ಮುರಿಯುವ ಆ ಪದರ ಮತ್ತೆ ಪೂರ್ಣವಾಗಿ ಕೂಡಿಕೊಳ್ಳಲು ದಶಕಗಳು ಬೇಕು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1942ರಲ್ಲಿ ಜನರಲ್ ಪ್ಯಾಟನ್ನನ ಸೈನ್ಯ ಯುದ್ಧಾಭ್ಯಾಸಕ್ಕೆಂದು ಟ್ಯಾಂಕು ಓಡಿಸಿತು. ಯುದ್ಧ ಮುಗಿದು ಎಂಟು ದಶಕಗಳು ಕಳೆದರೂ ಆ ಜಾಡುಗಳನ್ನು ಇಂದಿಗೂ ಅಲ್ಲಿ ಗುರುತಿಸಬಹುದು.

ಇದು ಆ ದೇಶಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶವು ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗುರುತಿಸುವಂತೆಯೂ ಮಣ್ಣು, ಜಲಾನಯನ, ಸಸ್ಯ, ವನ್ಯಜೀವಿಗಳಿಗಾಗುವ ಹಾನಿಯನ್ನು ಕನಿಷ್ಠಗೊಳಿಸುವಂತೆಯೂ ಇಲಾಖೆಗಳಿಗೆ ವಿಧಿಸಿತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಬಿಗಿಗೊಳಿಸಿ, ಗಣನೀಯ ಹಾನಿ ಕಂಡ ಪ್ರದೇಶವನ್ನು ತಕ್ಷಣ ಮುಚ್ಚಬೇಕೆಂದರು. 1985ರಲ್ಲಿ ಅಲ್ಲಿನ ಅರಣ್ಯ ಸೇವೆ ‘ಟ್ರೆಡ್ ಲೈಟ್ಲಿ’, ಅಂದರೆ ಹಗುರವಾಗಿ ಹೆಜ್ಜೆಯಿಡಿ ಎಂಬ ಆಂದೋಲನವನ್ನು ಆರಂಭಿಸಿತು. 1990ರಿಂದ ಅದು ಲಾಭರಹಿತ ಸಂಸ್ಥೆಯಾಗಿ, ವಾಹನ ತಯಾರಕರ ಬೆಂಬಲವನ್ನೂ ಪಡೆದು ನಡೆದುಬಂದಿದೆ. ಜಾಡು ಬಿಟ್ಟು ಓಡಿಸಬೇಡಿ, ಗೊತ್ತುಪಡಿಸಿದ ಕಡೆಯಲ್ಲಲ್ಲದೆ ಹಳ್ಳ ದಾಟಬೇಡಿ ಎಂಬುದು ಅದರ ಬೋಧೆ. ಬೋಧೆ ಒಂದೆಡೆ, ಹಳ್ಳದ ನೀರನ್ನು ಆಳೆತ್ತರಕ್ಕೆ ಚಿಮ್ಮಿಸುವ ಮುಖಪುಟ ಇನ್ನೊಂದೆಡೆ! ಯಾವುದು ಹದಿಹರೆಯದವನ ಕೋಣೆಯ ಗೋಡೆಯೇರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಲೆನಾಡಿಗೂ ಈ ಮುಖಪುಟಕ್ಕೂ ಏನು ಸಂಬಂಧ ಎಂದು ಕೇಳುವವರು ಮಳೆಗಾಲದ ಒಂದು ಶನಿವಾರ ಘಟ್ಟದ ರಸ್ತೆಯ ಬದಿಯಲ್ಲಿ ನಿಂತು ನೋಡಬೇಕು. ಚಿತ್ರ ಮೊದಲು ಬಂದಿತು, ಗಾಡಿ ಆಮೇಲೆ ಬಂದಿತು. ಮೋಆಬಿನ ಬಂಡೆಯ ಜಾಗದಲ್ಲಿ ಸಕಲೇಶಪುರದ ಹುಲ್ಲುಗುಡ್ಡ, ಕೊಡಗಿನ ತೊರೆ ಬಂದು ಕುಳಿತಿವೆ, ಅಷ್ಟೇ. ಜಾಹೀರಾತಿನ ಗಾಡಿಯೂ ಅದೇ ಭಂಗಿಯಲ್ಲಿ ನಿಲ್ಲುತ್ತದೆ, ವಾರಾಂತ್ಯದ ಸಾಹಸಿಯ ಮೊಬೈಲಿನ ಚಿತ್ರವೂ ಅದೇ ಭಂಗಿಯನ್ನು ಅನುಸರಿಸುತ್ತದೆ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಜೀಪು ಮಲೆನಾಡಿಗೆ ಹೊಸತಲ್ಲ. ಬಾಣಂತಿಯನ್ನು ಆಸ್ಪತ್ರೆಗೆ, ಮೆಣಸಿನ ಮೂಟೆಯನ್ನು ಪೇಟೆಗೆ, ಮಕ್ಕಳನ್ನು ಶಾಲೆಗೆ ಮುಟ್ಟಿಸಿದ್ದು ಜೀಪೇ. ಮಾಂದಲ್‌ಪಟ್ಟಿಗೆ, ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಚಾಲಕರ ಮನೆಯ ಒಲೆ ಉರಿಯುವುದೂ ಅದರಿಂದಲೇ. ಈ ಜೀಪು ದಾರಿ ಇದ್ದಲ್ಲಿ ಹೋಗುತ್ತದೆ, ದಾರಿ ಕೆಟ್ಟರೆ ಚಾಲಕ ಶಪಿಸುತ್ತಾನೆ. ಹವ್ಯಾಸದ ಜೀಪಿಗೆ ಕೆಟ್ಟದ್ದೇ ಬೇಕು. ದಾರಿ ಇನ್ನೂ ಕೆಡದಿದ್ದರೆ ಕೆಡಿಸಿಕೊಳ್ಳುತ್ತದೆ.

ಹಾನಿಯ ಲೆಕ್ಕ ಸರಳವಾದುದು. ಮಣ್ಣಿನ ಕಣಗಳ ನಡುವಿನ ರಂಧ್ರಗಳಲ್ಲಿ ಗಾಳಿ ಮತ್ತು ನೀರು ಇರುತ್ತವೆ. ಮಳೆ ಇಂಗುವುದು, ಬೇರು ಉಸಿರಾಡುವುದು ಆ ರಂಧ್ರಗಳ ಮೂಲಕ. ಗಾಡಿಯ ಪೂರ್ಣ ಭಾರ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾದ ನಾಲ್ಕು ತುಣುಕು ರಬ್ಬರಿನ ಮೂಲಕ ನೆಲಕ್ಕೆ ಇಳಿದಾಗ ರಂಧ್ರಗಳು ಕುಸಿಯುತ್ತವೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಬೇಗ ಸೋಲುತ್ತದೆ. ಹೆಚ್ಚಿನ ಹಾನಿಯಾಗುವುದು ಮೊದಲ ಕೆಲವು ಸುತ್ತುಗಳಲ್ಲಿಯೇ. ಆದ್ದರಿಂದ ‘ಒಮ್ಮೆ ಮಾತ್ರ ಹೋಗಿ ಬಂದೆವು’ ಎಂಬ ಸಮಜಾಯಿಷಿಗೆ ಅರ್ಥವಿಲ್ಲ. ಇಂಗದ ನೀರು ಚಕ್ರದ ಜಾಡನ್ನೇ ಕಾಲುವೆಯಾಗಿಸಿಕೊಂಡು ಇಳಿಜಾರಿನಲ್ಲಿ ನೇರ ಕೆಳಗೆ ಧಾವಿಸುತ್ತದೆ. ಈ ವರ್ಷದ ಜಾಡು ಬರುವ ವರ್ಷದ ಕೊರಕಲು. ಶೋಲೆಯ ನೆತ್ತಿಯ ಹುಲ್ಲುಗಾವಲು ಸ್ಪಂಜಿನಂತೆ ಹಿಡಿದಿಟ್ಟು ಬೇಸಿಗೆಯಲ್ಲಿ ಒಸರಿಸಬೇಕಾದ ನೀರು ಶ್ರಾವಣದಲ್ಲಿಯೇ ಕೆಂಪಾಗಿ ಹರಿದುಹೋದರೆ, ಚೈತ್ರದಲ್ಲಿ ಕೆಳಗಿನ ಮನೆಯ ಅಬ್ಬಿಯ ಪೈಪಿನಲ್ಲಿ ಬರುವುದು ಗಾಳಿ ಮಾತ್ರ. ಅಡಿಕೆ ತೋಟದವನಿಗೆ ಇದು ಸೌಂದರ್ಯಶಾಸ್ತ್ರದ ಪ್ರಶ್ನೆಯಲ್ಲ.

ಹಳ್ಳದ ತಳದಲ್ಲಿ ಇನ್ನೊಂದು ಸಂಸಾರವಿದೆ. ಪಶ್ಚಿಮಘಟ್ಟದ ಕುಣಿಯುವ ಕಪ್ಪೆಗಳು ಜಗತ್ತಿನ ಬೇರೆಲ್ಲಿಯೂ ಇಲ್ಲ. 2014ರಲ್ಲಿ ಒಂದೇ ಬಾರಿಗೆ ಅವುಗಳ 14 ಹೊಸ ಪ್ರಭೇದಗಳನ್ನು ವಿಜ್ಞಾನಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಪ್ರಕಟಿಸಿದರು. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಪ್ರಭೇದವನ್ನು ಸಿ.ಆರ್. ನಾರಾಯಣ ರಾವ್ 1937ರಲ್ಲಿಯೇ ವರ್ಣಿಸಿದ್ದರು. ಗಂಡು ಕಪ್ಪೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಬಾವುಟದಂತೆ ಬೀಸಿ ಕರೆಯುತ್ತದೆ. ಹೆಣ್ಣು ತೊರೆಯ ತಳದ ಮರಳು ಗರಸಿನಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮಳೆ ಇಳಿದು, ಹಳ್ಳ ಗಾಡಿಗೆ ದಾಟಲು ಅನುಕೂಲವಾಗುವ ಕಾಲವೂ ಅದರ ಬಾಣಂತನದ ಕಾಲವೂ ಒಂದೇ.

ಎಸ್ಟೇಟುಗಳು, ಗಣಿಗಳು, ಅಣೆಕಟ್ಟುಗಳು ಮಾಡಿದ ಅನಾಹುತದ ಮುಂದೆ ನಾಲ್ಕು ಜೀಪುಗಳದ್ದು ಯಾವ ಲೆಕ್ಕ ಎಂಬ ವಾದವಿದೆ. ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು, ನಿಜ. ಆದರೆ ಗಣಿಗೆ ಕಬ್ಬಿಣದ ನೆಪವಾದರೂ ಇತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು, 2024ರ ಜುಲೈನಲ್ಲಿ ಶಿರೂರು ಮತ್ತು ವಯನಾಡಿನಲ್ಲಿ ಆದದ್ದನ್ನು ಕಂಡಮೇಲೂ, ನೀರು ಕುಡಿದು ಭಾರವಾಗಿರುವ ಇಳಿಜಾರನ್ನು ಆಟದ ಮೈದಾನವೆಂದು ಕರೆಯುವುದು ಹೇಗೆ? ಕಾಯ್ದೆಯೂ ಅರ್ಧ ದಾರಿಗೆ ಮಾತ್ರ ಬರುತ್ತದೆ. ನಿಕ್ಸನ್ನರ ಆದೇಶದ ವರ್ಷವೇ ಜಾರಿಯಾದ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದ ಗಡಿಯೊಳಗೆ ಅನುಮತಿಯಿಲ್ಲದ ಪ್ರವೇಶವನ್ನು ತಡೆಯಬಲ್ಲದು. ಗಡಿಯ ಹೊರಗಿನ ಗೋಮಾಳ, ಬಾಣೆ, ಸೊಪ್ಪಿನಬೆಟ್ಟಗಳನ್ನು ಕಾಯಬೇಕಾದವರು ಊರಿನವರೇ.

ಹವ್ಯಾಸಿಗಳ ಕೌಶಲ ನಿರುಪಯುಕ್ತವೆಂದು ಯಾರೂ ಹೇಳುತ್ತಿಲ್ಲ. 2018ರ ಕೇರಳದ ಪ್ರವಾಹದಲ್ಲಿ ಇಂಥ ಜೀಪುಗಳವರೇ ನೀರಿಗಿಳಿದು ಜನರನ್ನು ಹೊರತಂದರು. ಆ ಚಿತ್ರ ಮುಖಪುಟಕ್ಕೆ ಬರಲಿ, ಯಾರ ತಕರಾರೂ ಇಲ್ಲ. ಮುಖಪುಟವನ್ನು ವಿಮರ್ಶಿಸಲು ಸ್ವಯಂಸೇವಕರು ಬೇಕೆಂದಾದರೆ, ಅವರ ಸಾಲಿನಲ್ಲಿ ಚಿತ್ರದ ಹಳ್ಳದಿಂದಲೇ ಕುಡಿಯುವ ನೀರು ತರುವ ಒಬ್ಬ ಹೆಂಗಸಿಗೂ ಕುರ್ಚಿ ಹಾಕಲಿ. ಆಕೆ ಟೈರಿನ ಹಲ್ಲನ್ನು ಎಣಿಸುವುದಿಲ್ಲ. ಚಿತ್ರ ತೆಗೆದದ್ದು ಯಾವ ತಿಂಗಳಲ್ಲಿ, ಗಾಡಿ ಹತ್ತಿದ್ದು ಯಾರ ಜಾಗವನ್ನು, ಯಾರನ್ನು ಕೇಳಿ ಎಂದು ವಿಚಾರಿಸುತ್ತಾಳೆ. ಮತ್ತು ಪತ್ರಿಕೆಯವರು ಮುಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಜಾಗದಲ್ಲಿ, ಗಾಡಿಯಿಲ್ಲದೆ ಇನ್ನೊಂದು ಚಿತ್ರ ತೆಗೆದು ಅಷ್ಟೇ ದೊಡ್ಡದಾಗಿ ಮುಖಪುಟದಲ್ಲಿ ಅಚ್ಚು ಹಾಕಲಿ.