ಕಟ್ಟಡವೂ ವ್ರತಕ್ಕೆ ಹೊರತಲ್ಲ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸಿದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡಮರ ಕಡಿಯುವುದು ಈ ದೋಷದೊಳಗೆ ಬರುತ್ತವೆ. ಅಡುಗೆಮನೆಯಲ್ಲಿ ನೀರು ಸೋಸುವಾಗ ಜಾಗೃತವಾಗಿರುವ ಈ ವಿವೇಕವು ಸಮುದಾಯ ಭವನಕ್ಕೆ ತಳಪಾಯ ತೋಡುವ ದಿನ ಎಲ್ಲಿಗೆ ಹೋಗುತ್ತದೆ?

ಬಿಸಿಲಿಗೆ ಎದುರಾಗಿ ಗಾಜಿನ ಗೋಡೆ, ಆ ಸೆಕೆಯನ್ನು ಹೊರಹಾಕಲು ಹವಾನಿಯಂತ್ರಣ, ದೂರದಿಂದ ಲಾರಿಯಲ್ಲಿ ಬಂದ ಅಮೃತಶಿಲೆ, ಅಂಗಳಕ್ಕೆಲ್ಲ ಕಾಂಕ್ರೀಟು. ಇಷ್ಟನ್ನು ಮಾಡಿ ಮಹಾವೀರ ಜಯಂತಿಯಂದು ನಾಲ್ಕು ಸಸಿ ನೆಟ್ಟು ‘ಹಸಿರು’ ಎಂದು ಫಲಕ ಹಾಕಿದರೆ ಅದು ಧರ್ಮಪ್ರಭಾವನೆಯಾಗದು. ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಸಿಮೆಂಟ್ ತಯಾರಿಸುತ್ತಾರೆ. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಅದರ ಪಾಲು ಶೇಕಡಾ 7ರಿಂದ 8. ಕಣ್ಣಿಗೆ ಕಾಣದ ಹಿಂಸೆಯೂ ಹಿಂಸೆಯೆಂದು ಸಾರುವ ಸಮಾಜವು ಈ ಲೆಕ್ಕಕ್ಕೆ ಕುರುಡಾಗಿರುವುದು ಸಲ್ಲದು.

ಪೂರ್ವಿಕರು ಕುರುಡರಾಗಿರಲಿಲ್ಲ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡು ಕರಾವಳಿಯ ಮಳೆಯನ್ನು ಅರಿತು ಕಟ್ಟಿದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸುಡದೆ, ಯಂತ್ರದಿಂದ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿತು. ಜ್ಞಾನಕ್ಕೆ ಕೊರತೆಯಿಲ್ಲ; ಅದನ್ನು ಊರೂರಿನ ಟ್ರಸ್ಟಿನ ಸಭೆಗೆ ತಲುಪಿಸುವವರ ಕೊರತೆಯಿದೆ.

ಇದು ಎಂಜಿನಿಯರರ ಕೆಲಸ, ಸ್ವಯಂಸೇವಕರದ್ದಲ್ಲ ಎಂಬುದು ಮೊದಲ ಆಕ್ಷೇಪ. ಆದರೆ ಎಂಜಿನಿಯರರು ಕೇಳಿದ್ದನ್ನು ಕಟ್ಟಿಕೊಡುತ್ತಾರೆ. ಏನು ಕೇಳಬೇಕೆಂದು ಬಲ್ಲವರು ಸಭೆಯಲ್ಲಿರಬೇಕು. 2001ರಲ್ಲಿ ಸ್ಥಾಪನೆಯಾದ ಭಾರತೀಯ ಹಸಿರು ಕಟ್ಟಡ ಮಂಡಳಿಯು ಕಟ್ಟಡಗಳಿಗೆ ಶ್ರೇಣಿ ನೀಡುತ್ತದೆ, ನಿಜ. ಆದರೆ ಪ್ರಮಾಣಪತ್ರವು ಸೋರುವ ನಲ್ಲಿಯನ್ನು ನಿಲ್ಲಿಸದು.

ನೀರನ್ನು ಕೂಡಿಟ್ಟರೆ ಅದರಲ್ಲಿ ಜೀವೋತ್ಪತ್ತಿಯಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದು ಗೌರವಕ್ಕೆ ಅರ್ಹವಾದುದು. ಅದಕ್ಕೆ ಉತ್ತರ ಮುಚ್ಚಿದ ತೊಟ್ಟಿ, ಸೋಸುವ ಮರಳು, ಮಳೆಗೆ ಮೊದಲು ತೊಳೆದ ಮಾಡು, ಇಲ್ಲವೇ ಬಾವಿಗೆ ಇಂಗಿಸುವ ಗುಂಡಿ. ನೋಡುವವರಿಲ್ಲದ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುತ್ತದೆ, ಬಳಿಕ ವಿಷ ಸಿಂಪಡಿಸಬೇಕಾಗುತ್ತದೆ. ಆದುದರಿಂದ ಈ ಆಕ್ಷೇಪವು ತರಬೇತಿಯ ಅಗತ್ಯವನ್ನೇ ಸಾಧಿಸುತ್ತದೆ.

ತರಬೇತಿಯೆಂದರೆ ಅತಿಥಿಗಳ ಒಂದು ದಿನದ ಭಾಷಣವಲ್ಲ. ಚಾತುರ್ಮಾಸವೇ ಇದಕ್ಕೆ ತಕ್ಕ ಕಾಲ. ಜೀವಹಿಂಸೆಯನ್ನು ತಪ್ಪಿಸಲು ಮುನಿಗಳು ಒಂದೆಡೆ ನಿಲ್ಲುವ ಆ ನಾಲ್ಕು ತಿಂಗಳಲ್ಲಿಯೇ ಬಸದಿಯ ಮಾಡಿನ ನೀರು ಚರಂಡಿ ಸೇರುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ 1000 ಮಿಲಿಮೀಟರ್ ಮಳೆ ಸುರಿದರೆ ಅದು 1 ಲಕ್ಷ ಲೀಟರ್. ಸ್ವಯಂಸೇವಕರು ಇದನ್ನು ಅಳೆಯಲು ಕಲಿಯಲಿ. ವಿದ್ಯುತ್ ಬಿಲ್ಲನ್ನು ತಿಂಗಳಿಂದ ತಿಂಗಳಿಗೆ ಹೋಲಿಸಲಿ. ಗಾಳಿಬೆಳಕಿನ ದಾರಿಯನ್ನು ಗುರುತಿಸಲಿ. ಊರಿನ ಮೇಸ್ತ್ರಿಯ ಅನುಭವವನ್ನು ಕೇಳಲಿ. ಎಲ್ಲಕ್ಕಿಂತ ಕಠಿಣವಾದ ಪಾಠ ಮತ್ತೊಂದಿದೆ: ಅಮೃತಶಿಲೆಗೆಂದೇ ಹಣ ತಂದ ದಾನಿಗೆ, ಆ ಹಣ ತೊಟ್ಟಿಗೆ ಸಂದರೆ ಹೆಚ್ಚು ಪುಣ್ಯವೆಂದು ವಿನಯದಿಂದ, ಅಂಜದೆ ಹೇಳುವುದು.

ಪ್ರತಿ ಟ್ರಸ್ಟು ಇಬ್ಬರನ್ನಾದರೂ ಆರಿಸಲಿ. ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ, ಮನೆಯ ನೀರು-ಬೆಂಕಿಗಳ ಲೆಕ್ಕ ಬಲ್ಲವರು ಅವರೇ. ಆ ಇಬ್ಬರು ಊರಿನಲ್ಲಿ ಹತ್ತು ಮನೆಗಳ ಗುಂಪು ಕಟ್ಟಲಿ. ಅವರ ಒಪ್ಪಿಗೆಯಿಲ್ಲದೆ ಯಾವ ನಕ್ಷೆಗೂ ಆಡಳಿತ ಮಂಡಳಿ ಸಹಿ ಹಾಕದಿರಲಿ. ಬಡಿಸುವುದಕ್ಕೂ ಜನಸಂದಣಿ ನಿಯಂತ್ರಿಸುವುದಕ್ಕೂ ಮಾತ್ರ ತರುಣರನ್ನು ಕರೆಯುವ ಟ್ರಸ್ಟು ಅವರ ಕೈಗಳನ್ನಷ್ಟೇ ಬಳಸಿಕೊಳ್ಳುತ್ತದೆ, ವಿವೇಕವನ್ನಲ್ಲ. ಅಹಿಂಸೆಯನ್ನು ಬೋಧಿಸಲು ಕಟ್ಟಿದ ಭವನವು ಕಟ್ಟುವಾಗಲೇ ಅದನ್ನು ಮೀರಿದ್ದರೆ, ಅಲ್ಲಿ ನಡೆಯುವ ಪ್ರವಚನಕ್ಕೆ ಗೋಡೆಗಳೇ ಪ್ರತಿವಾದಿಗಳಾಗುತ್ತವೆ.