ಪ್ರಶಸ್ತಿ ಬಂದ ಮೇಲೆ ಮಾತ್ರ ನಮ್ಮವರೇ?

ಕತೆಗಾರರೆಂದರೆ ಶಾಲು, ಫಲಕ, ಚಪ್ಪಾಳೆ ಎಂದು ಹಲವರ ಲೆಕ್ಕ. ವೇದಿಕೆ ಹತ್ತುವ ದಿನ ವರ್ಷಕ್ಕೆ ಒಂದೋ ಎರಡೋ ಅಷ್ಟೇ. ಉಳಿದದ್ದೆಲ್ಲ ಕಾಯುವ ಕೆಲಸ. ಕತೆ ಪತ್ರಿಕೆಗೆ ಹೋದ ಮೇಲೆ ತಿಂಗಳುಗಟ್ಟಲೆ ಉತ್ತರವಿಲ್ಲ. ಅಷ್ಟರೊಳಗೆ ಅದನ್ನು ಇನ್ನೊಂದು ಪತ್ರಿಕೆಗೆ ಕಳಿಸುವಂತೆಯೂ ಇಲ್ಲ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಸ್ಪರ್ಧೆಯೆಂದರೆ ಪದಮಿತಿ ಮೀರಬಾರದು, ಬೇರೆಲ್ಲೂ ಅಚ್ಚಾಗಿರಬಾರದು. ಬಹುಮಾನ ಮೂರ್ನಾಲ್ಕು ಮಂದಿಗೆ, ಉಳಿದವರು ಮುಂದಿನ ವರ್ಷ ನೋಡುವ ಎಂದು ಮತ್ತೆ ಬರೆಯಬೇಕು.

ಸಮ್ಮೇಳನಗಳದ್ದು ಬೇರೆ ಕತೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ದಿನ ನಡೆಯಿತು. ಇಂಥಲ್ಲಿಗೆ ಹೋಗಲು ಸರಕಾರಿ ನೌಕರರಿಗೆ ಒಒಡಿ ಸೌಲಭ್ಯ ಉಂಟು. ಅಡುಗೆಮನೆಗೆ ಒಒಡಿ ಇಲ್ಲ, ಬೇಕರಿಯ ಹುಡುಗನಿಗೂ ಇಲ್ಲ. ನಮ್ಮ ನಾಗಸಂದ್ರದಿಂದ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಕಡೆಗೆ ಹಸಿರು ಮಾರ್ಗದ ಮೆಟ್ರೋ ನೇರ ಹೋಗುತ್ತದೆ. ಆದರೆ ಭಾನುವಾರವೂ ಅಂಗಡಿ ತೆರೆಯುವವನಿಗೆ, ಮಕ್ಕಳನ್ನು ಬಿಟ್ಟು ಹೊರಡಲಾಗದ ಉಮ್ಮನಿಗೆ ಆ ದಾರಿ ದೂರವೇ.

ಅಂಥ ಮನೆಗಳಿಂದಲೇ ದೊಡ್ಡ ಕತೆಗಾರರು ಬಂದಿದ್ದಾರೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕರ್ ಅವರ ಬರಹ ಲಂಕೇಶ್ ಪತ್ರಿಕೆಯಲ್ಲಿ ಬರತೊಡಗಿದ್ದು 1981ರಲ್ಲಿ, ವಯಸ್ಸು ನಲವತ್ತೈದರ ಆಸುಪಾಸು. ಹಾಸನದ ಬಾನು ಮುಷ್ತಾಕ್ ಅವರ ಮೊದಲ ಕತೆ 'ಪ್ರಜಾಮತ'ದಲ್ಲಿ ಅಚ್ಚಾದದ್ದು 1970ರ ದಶಕದಲ್ಲಿ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕತೆಗಳ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದದ್ದು 2025ರ ಮೇ ತಿಂಗಳಲ್ಲಿ. ಆ ಕತೆಗಳು 1990ರಿಂದ 2023ರ ನಡುವೆ ಬರೆದವು. ಒಂದು ಪುಸ್ತಕದ ಹಿಂದೆ 33 ವರ್ಷ!

ಆ ವರ್ಷಗಳ ನಡುವೆ 2000ನೇ ಇಸವಿಯೂ ಇತ್ತೆಂಬುದನ್ನು ಮರೆಯಬಾರದು. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ ಅವರ ಕುಟುಂಬ ಮೂರು ತಿಂಗಳು ಬಹಿಷ್ಕಾರ ಅನುಭವಿಸಿತು. ನ್ಯಾಯ ಕೇಳಿ ಮಸೀದಿಯ ಮುತವಲ್ಲಿಯ ಎದುರು ನಿಂತ ಹೆಣ್ಣಿನ ಕತೆ 'ಕರಿನಾಗರಗಳು' ಬರೆದವರೂ ಅವರೇ. ಗಿರೀಶ್ ಕಾಸರವಳ್ಳಿ ಅದನ್ನು 'ಹಸೀನಾ' ಚಿತ್ರ ಮಾಡಿದರು. ಬೂಕರ್ ಬಂದ ಮೇಲೆ 'ನಮ್ಮವರು' ಎನ್ನುವುದು ಸುಲಭ. ಕತೆ ನಮ್ಮ ಜಮಾಅತಿನ ತಪ್ಪನ್ನೇ ತೋರಿಸಿದಾಗಲೂ ಹಾಗೆಯೇ ಅನ್ನಬಲ್ಲೆವೇ? ಅವರ ಮಾತು ಒಪ್ಪದಿದ್ದರೆ ಉತ್ತರ ಬರೆಯೋಣ, ವಾದ ಮಾಡೋಣ. ಮನೆಬಾಗಿಲು ಮುಚ್ಚುವುದು ಉತ್ತರವಲ್ಲ. ನ್ಯಾಯ ಹೇಳುವಾಗ ಅದು ನಮಗೇ ವಿರುದ್ಧವಾದರೂ ಹೇಳಬೇಕೆಂದು ಮದರಸದಲ್ಲಿ ಮಕ್ಕಳಿಗೆ ಕಲಿಸುವವರು ನಾವು.

ಹೊಸದಾಗಿ ಬರೆಯುವ ಮಕ್ಕಳಿಗೆ ಒಂದು ಕಿವಿಮಾತು. ಪ್ರಶಸ್ತಿ ಕೊಡುತ್ತೇವೆ, ಇಷ್ಟು ಹಣ ಕಳಿಸಿ ಎನ್ನುವವರಿಂದ ದೂರ ಇರಿ. ಅದು ಪ್ರಶಸ್ತಿಯಲ್ಲ, ವ್ಯಾಪಾರ. ಆ ದುಡ್ಡಿಗೆ ಒಂದು ಮಾಸಪತ್ರಿಕೆಯ ಚಂದಾ ಕಟ್ಟಿ, ಅದರಲ್ಲಿ ಎಂಥ ಕತೆ ಬರುತ್ತದೆಂದು ಓದಿ, ಆಮೇಲೆ ನಿಮ್ಮದನ್ನು ಕಳಿಸಿ. ಮನೆಯಲ್ಲಿ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರಿಗೆ ಎರಡು ಭಾಷೆಯ ಗಂಟು ಉಂಟು. ಅದು ಕೊರತೆಯಲ್ಲ, ಬಂಡವಾಳ.

ಮನೆಯ ಹಿರಿಯರಲ್ಲೂ ಒಂದು ಕೋರಿಕೆ. ಮಗಳೋ ಸೊಸೆಯೋ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರೆ 'ಇದರಿಂದ ಹೊಟ್ಟೆ ತುಂಬುತ್ತದಾ' ಎಂದು ಕೇಳಬೇಡಿ. ದಿನಕ್ಕೊಂದು ಗಂಟೆ ಬಿಡುವು ಮಾಡಿಕೊಡಿ, ಬರೆದದ್ದನ್ನು ಓದಿಸಿ ಕೇಳಿ. ಸಂಪಾದಕರ ಉತ್ತರ ಬರುವ ತನಕ ಅವಳಿಗೆ ಓದುಗರೆಂದರೆ ಮನೆಯವರೇ.